ಅಮ್ಮನ ತೂಕ ಇಳಿಯಿತು, ಜೊತೆಗೆ ಕಾಲಿನ ಕಸುವೂ ಹೋಯಿತು. ನಾವು ಎಲ್ಲಿ ತಪ್ಪಿದೆವು?

ಅಮ್ಮನ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 71 ವರ್ಷ. ಕಳೆದ ವರ್ಷ 79 ಕೆಜಿ ಇದ್ದರು. ಎರಡೂ ಮೊಣಕಾಲು ನೋವು. ತೋರಿಸಿದಾಗ "ಮೊದಲು ತೂಕ ಇಳಿಸಿ, ಆಮೇಲೆ ನೋಡೋಣ" ಅಂದರು. ಹೇಗೆ ಇಳಿಸಬೇಕು ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಹಿಡಿದ ಹಟ ಬಿಡುವವರಲ್ಲ. ರಾತ್ರಿ ಊಟ ನಿಲ್ಲಿಸಿದರು. ಮಧ್ಯಾಹ್ನದ್ದನ್ನು ಅರ್ಧಕ್ಕೆ ಇಳಿಸಿದರು. ನೋವು ಅಂತ ಓಡಾಟವನ್ನು ಮೊದಲೇ ಕಡಿಮೆ ಮಾಡಿದ್ದರು. ಆರು ತಿಂಗಳಲ್ಲಿ 9 ಕೆಜಿ ಇಳಿಯಿತು. ಮನೆಗೆ ಬಂದವರೆಲ್ಲ "ಎಷ್ಟು ಸಣ್ಣಗಾಗಿದ್ದೀರಿ" ಅಂತ ಹೊಗಳಿದರು. ನಾನೂ ಹೊಗಳಿದೆ.

ಆಮೇಲೆ ಒಂದೊಂದೇ ಕಾಣಿಸತೊಡಗಿತು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಕೆಲವೊಮ್ಮೆ ಅರ್ಧ ಎದ್ದು ಮತ್ತೆ ಕೂತುಬಿಡುತ್ತಿದ್ದರು. ನನ್ನ ಜೊತೆ ನಡೆಯುವಾಗ ಹಿಂದೆ ಉಳಿಯುತ್ತಿದ್ದರು. ವಯಸ್ಸಾಯಿತಲ್ಲ ಅಂತ ನಾನು ಸುಮ್ಮನಿದ್ದೆ. ಎರಡು ತಿಂಗಳ ಹಿಂದೆ ಒಂದು ರಾತ್ರಿ ಬಚ್ಚಲಿನಿಂದ ಬರುವಾಗ, ತಿರುಗುವ ಜಾಗದಲ್ಲಿ ಆಯ ತಪ್ಪಿ ಬಿದ್ದರು. ಕೈ ಊರಿದ್ದಕ್ಕೆ ಮಣಿಕಟ್ಟು ಮುರಿಯಿತು. ಆಗ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿದೆವು. ಸೊಂಟದ ಟಿ-ಸ್ಕೋರ್, ಅಂದರೆ ಹರೆಯದವರ ಗಟ್ಟಿ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.7. ಮೈಯ ಕೊಬ್ಬು, ಸ್ನಾಯುವನ್ನೂ ಅಳೆದರು. ಸ್ನಾಯು ತೀರಾ ಕಡಿಮೆ, ಕೊಬ್ಬು ಈಗಲೂ ಜಾಸ್ತಿ ಅಂತ ಬರೆದಿದ್ದಾರೆ.

ನನಗೆ ಅರ್ಥವಾಗದ್ದು ಇದೇ. 70 ಕೆಜಿ ಇರುವ ಮೈಯಲ್ಲಿ ಸ್ನಾಯು ಕಡಿಮೆ ಅಂದರೆ ಹೇಗೆ? ದಪ್ಪ ಇರುವವರ ಮೂಳೆ ಗಟ್ಟಿ ಅಂತಾರಲ್ಲ, ಅದು ಸುಳ್ಳಾ? ತೂಕ ಇಳಿಸಿದ್ದೇ ತಪ್ಪಾಯಿತಾ?

ಕುರ್ಚಿಯಿಂದ ಏಳಿ:

ನಾನು ಫಿಸಿಯೋಥೆರಪಿಸ್ಟ್. ಹದಿನಾಲ್ಕು ವರ್ಷದಿಂದ ಹಿರಿಯರ ಜೊತೆಗೇ ಕೆಲಸ. ಮೊದಲು ಒಂದು ಮಾತು: ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಇಂಥ ಅಮ್ಮಂದಿರು, ಅಪ್ಪಂದಿರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಎಲ್ಲರಿಗೂ ಹೇಳಿದ್ದು "ತೂಕ ಇಳಿಸಿ" ಅನ್ನುವ ಎರಡೇ ಪದ.

ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ಸ್ನಾಯು ಯಾವುದು ಅಂತ ಗೊತ್ತಾಗುವುದಿಲ್ಲ. ಊಟ ಮಾತ್ರ ಬಿಟ್ಟು ತೂಕ ಇಳಿಸಿದರೆ, ಇಳಿದದ್ದರಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಸ್ನಾಯುವಿನಂಥ ಅಂಗಾಂಶ. ಹರೆಯದವರಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಎಪ್ಪತ್ತರಲ್ಲಿ ತಟ್ಟುತ್ತದೆ, ಯಾಕೆಂದರೆ ಅಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತಾ ಬಂದಿರುತ್ತದೆ. ಅರವತ್ತರ ಆಚೆ ಇನ್ನೂ ಬೇಗ. ಸ್ನಾಯುವಿಗಿಂತ ಅದರ ಬಲ ಇನ್ನಷ್ಟು ಬೇಗ ಕುಂದುತ್ತದೆ.

ಇದಕ್ಕೆ ಸಾರ್ಕೋಪೀನಿಯಾ ಅಂತ ಹೆಸರು. 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಅನ್ನುವವರು ಇಟ್ಟರು. ಗ್ರೀಕ್ ಭಾಷೆಯ ಪದ, ಮಾಂಸದ ಕೊರತೆ ಅಂತ ಅರ್ಥ. ಅದಕ್ಕೂ ಮುಂಚೆ ಅದನ್ನು ಸುಮ್ನೆ "ವಯಸ್ಸು" ಅನ್ನುತ್ತಿದ್ದರು. ನೀವೂ ಹಾಗೇ ಅಂದುಕೊಂಡಿರಿ. ಟೊಳ್ಳು ಮೂಳೆ, ಕರಗಿದ ಸ್ನಾಯು, ಹೆಚ್ಚಿದ ಕೊಬ್ಬು ಮೂರೂ ಒಂದೇ ಮೈಯಲ್ಲಿ ಸೇರಿದರೆ ಆಸ್ಟಿಯೋಸಾರ್ಕೋಪೀನಿಕ್ ಒಬೆಸಿಟಿ ಅನ್ನುತ್ತಾರೆ. ಹೆಸರು ಉದ್ದ, ವಿಷಯ ಸರಳ. ಹೊರೆ ಹೆಚ್ಚು, ಹೊರುವ ಕಾಲು ಸೋತಿದೆ, ಬಿದ್ದರೆ ತಡೆಯುವ ಮೂಳೆಯೂ ಗಟ್ಟಿಯಿಲ್ಲ.

ತೂಕ ಇಳಿಸಿದ್ದು ತಪ್ಪಲ್ಲ. ವ್ಯಾಯಾಮ ಇಲ್ಲದೆ, ಸಾಕಷ್ಟು ಪ್ರೋಟೀನ್ ಇಲ್ಲದೆ ಇಳಿಸಿದ್ದು ತಪ್ಪು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. 65 ದಾಟಿದ, ಬೊಜ್ಜು ಇದ್ದ 107 ಜನ. ಒಂದು ವರ್ಷ. ಪಥ್ಯ ಮಾತ್ರ ಮಾಡಿದವರಿಗೆ ಸೊಂಟದ ಮೂಳೆಯ ಸಾಂದ್ರತೆ ಶೇ. 3ರಷ್ಟು ಇಳಿಯಿತು. ಪಥ್ಯದ ಜೊತೆ ವ್ಯಾಯಾಮವನ್ನೂ ಮಾಡಿದವರಿಗೆ ಶೇ. 1ರಷ್ಟು ಮಾತ್ರ. ಸ್ನಾಯುವಿನ ನಷ್ಟ ಮೊದಲಿನವರಿಗೆ ಶೇ. 5, ಎರಡನೆಯವರಿಗೆ ಶೇ. 3. ನಡೆಯುವುದು, ಏಳುವುದು, ಮೆಟ್ಟಿಲು ಹತ್ತುವುದು ಸೇರಿದ ಪರೀಕ್ಷೆಯಲ್ಲಿ ಎರಡನ್ನೂ ಮಾಡಿದವರೇ ಎಲ್ಲರಿಗಿಂತ ಮುಂದಿದ್ದರು.

ಒಂದು ವಿಷಯ ತಿಳಿಸಿ. ಅಮ್ಮ ಈಗ ಕೈ ಊರದೆ ಕುರ್ಚಿಯಿಂದ ಎದ್ದೇಳುತ್ತಾರಾ?

ಅಮ್ಮನ ಮಗಳು:

ಇಲ್ಲ. ಈಗ ಬಲಗೈ ಪಟ್ಟಿಯಲ್ಲಿದೆ, ಎಡಗೈ ಊರಿ ಏಳುತ್ತಾರೆ. ಇವತ್ತು ಬೆಳಿಗ್ಗೆ ಎಣಿಸಿದೆ. ಮೂರನೇ ಪ್ರಯತ್ನಕ್ಕೆ ಎದ್ದರು.

ಮೇಷ್ಟ್ರು 68:

ನನ್ನದೂ ಒಂದು ಪ್ರಶ್ನೆ. ನಾನು ದಿನಾ ಐದು ಕಿಲೋಮೀಟರ್ ನಡೆಯುತ್ತೇನೆ. ಮಳೆ ಬಂದರೂ ತಪ್ಪಿಸುವುದಿಲ್ಲ. ಹೊಟ್ಟೆ ಇದೆ, ಆದರೆ ಕಾಲು ಗಟ್ಟಿ ಅಂತ ನಂಬಿದ್ದೇನೆ. ಇಷ್ಟು ನಡೆಯುವವನಿಗೆ ಈ ಸಮಸ್ಯೆ ಬರುವುದಿಲ್ಲ ಅಲ್ವಾ?

ಕುರ್ಚಿಯಿಂದ ಏಳಿ:

ಮೇಷ್ಟ್ರೇ, ನಡಿಗೆ ಬಿಡಬೇಡಿ. ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ, ಮನಸ್ಸಿಗೆ ಒಳ್ಳೆಯದು. ಕಾಲಿಗೂ ಒಳ್ಳೆಯದೇ. 2014ರ ಲೈಫ್ ಅಧ್ಯಯನದಲ್ಲಿ 70ರಿಂದ 89 ವಯಸ್ಸಿನ 1,635 ಜನರಿದ್ದರು, ಎಲ್ಲರೂ ಕೂತೇ ಇರುವವರು. ನಡಿಗೆಯೇ ಮುಖ್ಯವಾಗಿದ್ದ, ಜೊತೆಗೆ ಸ್ವಲ್ಪ ಬಲದ ಮತ್ತು ಸಮತೋಲನದ ವ್ಯಾಯಾಮ ಇದ್ದ ಗುಂಪಿನಲ್ಲಿ, 400 ಮೀಟರ್ ನಡೆಯಲಾಗದ ಸ್ಥಿತಿಗೆ ಬಂದವರು ಶೇ. 30. ಬರೀ ಆರೋಗ್ಯದ ಪಾಠ ಕೇಳಿದ ಗುಂಪಿನಲ್ಲಿ ಶೇ. 35.5.

ಆದರೆ ನಡಿಗೆ ಒಂದೇ ಸಾಲದು. ಸಮತಟ್ಟು ನೆಲದಲ್ಲಿ ನಡೆಯುವಾಗ ತೊಡೆಯ ಬಲದ ಸಣ್ಣ ಪಾಲು ಮಾತ್ರ ಖರ್ಚಾಗುತ್ತದೆ. ಸ್ನಾಯುವಿನ ಎಳೆಗಳಲ್ಲಿ ಎರಡು ಬಗೆ. ಒಂದು ನಿಧಾನದ್ದು, ತುಂಬ ಹೊತ್ತು ದುಡಿಯುತ್ತದೆ. ಇನ್ನೊಂದು ಚುರುಕಿನದ್ದು, ಒಮ್ಮೆಲೇ ಬಲ ಕೊಡುತ್ತದೆ. ವಯಸ್ಸಾದಂತೆ ಹೆಚ್ಚು ಕುಗ್ಗುವುದು ಚುರುಕಿನ ಎಳೆಗಳೇ. ಎಡವಿದಾಗ ಇನ್ನೊಂದು ಕಾಲನ್ನು ಫಟ್ಟನೆ ಮುಂದಿಟ್ಟು ನಮ್ಮನ್ನು ಉಳಿಸುವುದು ಅವೇ. ನಿಧಾನದ ನಡಿಗೆ ಅವನ್ನು ಎಬ್ಬಿಸುವುದೇ ಇಲ್ಲ.

ಒಂದು ಕೆಲಸ ಮಾಡಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಐದು ಸಲ ಪೂರ್ತಿ ಎದ್ದು ಕೂರಿ. ಪಕ್ಕದಲ್ಲಿ ಯಾರಾದರೂ ನಿಂತು ಸಮಯ ನೋಡಲಿ. ಏಷ್ಯಾದ ತಜ್ಞರ 2019ರ ಅಳತೆಯ ಪ್ರಕಾರ 12 ಸೆಕೆಂಡು ಅಥವಾ ಹೆಚ್ಚಾದರೆ ಎಚ್ಚರಿಕೆ. ಯುರೋಪಿನ ಅಳತೆಯಲ್ಲಿ 15 ಸೆಕೆಂಡು ದಾಟಿದರೆ. ಕೈ ಹಿಡಿತದ ಬಲಕ್ಕೂ ಅಳತೆ ಇದೆ. ಏಷ್ಯಾದ ಲೆಕ್ಕದಲ್ಲಿ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಇದ್ದರೆ ಬಲ ಕುಂದಿದೆ ಅಂತ.

ಮೇಷ್ಟ್ರು 68:

ಮಾಡಿದೆ. 16 ಸೆಕೆಂಡು. ಕೊನೆಯ ಎರಡು ಸಲ ತೊಡೆ ನಡುಗಿತು. ಐದು ಕಿಲೋಮೀಟರ್ ನಡೆದು ಬಂದ ದಿನವೇ ಹೀಗಾಯಿತು ಅಂತ ಮನಸ್ಸಿಗೆ ಬೇಜಾರಾಯಿತು. ನಾಳೆ ವಿಶ್ರಾಂತಿ ತೆಗೆದುಕೊಂಡು ಮತ್ತೆ ಮಾಡುತ್ತೇನೆ.

ಎರಡು ಮೊಣಕಾಲು:

ನಾನು ಇಲ್ಲಿ ಸ್ವಲ್ಪ ಬೇರೆ ಮಾತು ಹೇಳಬೇಕು. ತೂಕ ಇಳಿಸುವುದನ್ನು ಇಲ್ಲಿ ಭೂತ ಮಾಡಬೇಡಿ. ನನಗೆ 63. ನಾನು 11 ಕೆಜಿ ಇಳಿಸಿದೆ, ನನ್ನ ಮೊಣಕಾಲು ನನಗೆ ವಾಪಸ್ ಸಿಕ್ಕಿತು. ಮೈಯಲ್ಲಿ ಒಂದು ಕೆಜಿ ಕಡಿಮೆಯಾದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕೆಜಿ ಹೊರೆ ಕಡಿಮೆ ಅಂತ ಲೆಕ್ಕ ಇದೆ. ದಿನಕ್ಕೆ ಸಾವಿರಾರು ಹೆಜ್ಜೆ. ಗುಣಿಸಿ ನೋಡಿ. ಮೆಟ್ಟಿಲ ಕೆಳಗೆ ನಿಂತು ಅತ್ತಿದ್ದೇನೆ ನಾನು. ಈಗ ಹತ್ತುತ್ತೇನೆ. ಈ ಚರ್ಚೆ ಓದಿ ಯಾರಾದರೂ "ಸರಿ, ಹಾಗಾದರೆ ದಪ್ಪ ಇರುವುದೇ ಒಳ್ಳೆಯದು" ಅಂದುಕೊಂಡರೆ ಅವರಿಗೆ ಅನ್ಯಾಯ.

ಕುರ್ಚಿಯಿಂದ ಏಳಿ:

ಒಪ್ಪಿದೆ, ಪೂರ್ತಿ ಒಪ್ಪಿದೆ. ನೀವು ಇಳಿಸುವಾಗ ವ್ಯಾಯಾಮ ಮಾಡಿದಿರಾ?

ಎರಡು ಮೊಣಕಾಲು:

ಮಾಡಿದೆ. ವಾರಕ್ಕೆ ಮೂರು ದಿನ ತೊಡೆಗೆ, ಪೃಷ್ಠಕ್ಕೆ ವ್ಯಾಯಾಮ. ಹೇಳಿಕೊಟ್ಟವರು ಒಳ್ಳೆಯವರಿದ್ದರು. ಬಹುಶಃ ಅದೇ ವ್ಯತ್ಯಾಸ ಇರಬೇಕು. ಅಮ್ಮನಿಗೆ ಅಂಥವರು ಸಿಗಲಿಲ್ಲ ಅನ್ನುವುದು ಬೇಸರ.

ನಿಧಾನ ವೈದ್ಯೆ:

ನಾನು ವೃದ್ಧರ ಚಿಕಿತ್ಸೆಯ ವೈದ್ಯೆ. ಮೊದಲು ಒಂದು ಪದದ ಗೊಂದಲ ಬಿಡಿಸುತ್ತೇನೆ, ಯಾಕೆಂದರೆ ಇದರಿಂದ ದಿನಾ ತೊಂದರೆ ನೋಡುತ್ತೇನೆ. ನಾವು "ಮೂಳೆ ಸವೆತ" ಅಂತ ಎರಡು ಬೇರೆ ಕಾಯಿಲೆಗಳಿಗೆ ಹೇಳುತ್ತೇವೆ. ಒಂದು, ಕೀಲಿನ ಮೃದ್ವಸ್ಥಿ ಸವೆಯುವುದು. ಅದು ಆಸ್ಟಿಯೋ ಆರ್ಥ್ರೈಟಿಸ್, ಅದು ನೋಯುತ್ತದೆ. ಇನ್ನೊಂದು, ಮೂಳೆಯೇ ಒಳಗಿಂದ ಟೊಳ್ಳಾಗುವುದು. ಅದು ಆಸ್ಟಿಯೋಪೊರೋಸಿಸ್, ಮುರಿಯುವ ತನಕ ನೋಯುವುದಿಲ್ಲ. "ನನಗೆ ಮೂಳೆ ಸವೆತ ಇದೆ, ಔಷಧಿ ತಗೊಳ್ತಿದ್ದೇನೆ" ಅನ್ನುವವರು ಎಷ್ಟೋ ಸಲ ಮೊಣಕಾಲಿನ ನೋವಿನ ಮಾತ್ರೆ ತಗೊಳ್ಳುತ್ತಿರುತ್ತಾರೆ. ಟೊಳ್ಳು ಮೂಳೆಯನ್ನು ಯಾರೂ ನೋಡಿರುವುದಿಲ್ಲ. ದಯವಿಟ್ಟು "ಕೀಲು ಸವೆತ", "ಟೊಳ್ಳು ಮೂಳೆ" ಅಂತ ಬೇರೆ ಬೇರೆ ಹೇಳಿ. ಇದೇ ಅಮ್ಮನಿಗೆ ಎರಡೂ ಇರುವ ಹಾಗೆ ಕಾಣುತ್ತದೆ.

ಈಗ ದಪ್ಪದವರ ಮೂಳೆಯ ಪ್ರಶ್ನೆ. ಭಾರ ಹೊರುವ ಮೂಳೆ ಸ್ವಲ್ಪ ದಟ್ಟವಾಗುತ್ತದೆ, ಅದು ನಿಜ. ಮೂಳೆ ತನ್ನ ಮೇಲೆ ಬೀಳುವ ಒತ್ತಡಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಅಂತ ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದರು. ಆದರೆ ಮೂಳೆಗೆ ಬೇಕಾದ ಎಳೆತ ಹೆಚ್ಚಾಗಿ ಬರುವುದು ಸ್ನಾಯುವಿನಿಂದ. ಸ್ನಾಯು ಬಲವಾಗಿ ಎಳೆದಾಗ ಮೂಳೆಗೆ "ಇಲ್ಲಿ ಕೆಲಸ ಇದೆ" ಅಂತ ಸುದ್ದಿ ಹೋಗುತ್ತದೆ. ಸ್ನಾಯು ಸೊರಗಿದರೆ ಆ ಸುದ್ದಿ ನಿಲ್ಲುತ್ತದೆ.

ಇನ್ನೊಂದು ವಿಷಯ ನನಗೆ ಇವತ್ತಿಗೂ ಆಶ್ಚರ್ಯ. ಮೂಳೆಯ ಮಜ್ಜೆಯಲ್ಲಿ ಒಂದು ಬಗೆಯ ಕಾಂಡಕೋಶ ಇರುತ್ತದೆ. ಅದು ಮೂಳೆ ಕಟ್ಟುವ ಕೋಶವೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ವಯಸ್ಸಾದಂತೆ ಅದು ಕೊಬ್ಬಿನ ಕಡೆಗೆ ವಾಲುತ್ತದೆ. ಅಂದರೆ ಮೂಳೆ ಟೊಳ್ಳಾಗುವುದು, ಮಜ್ಜೆಯಲ್ಲಿ ಕೊಬ್ಬು ತುಂಬುವುದು ಒಂದೇ ದಾರಿಯ ಎರಡು ಕವಲು. ಸ್ನಾಯುವಿನೊಳಗೂ ಹೀಗೇ. ಎಳೆಗಳ ನಡುವೆ ಕೊಬ್ಬು ನುಸುಳುತ್ತದೆ. ಆಗ ತೊಡೆ ಹೊರಗಿನಿಂದ ದಪ್ಪಗೇ ಕಾಣುತ್ತದೆ, ಒಳಗೆ ದುಡಿಯುವ ಭಾಗ ಕಡಿಮೆ. 70 ಕೆಜಿಯ ಮೈಯಲ್ಲಿ ಸ್ನಾಯು ಕಡಿಮೆ ಹೇಗೆ ಅಂತ ಕೇಳಿದಿರಲ್ಲ, ಉತ್ತರ ಇಲ್ಲಿದೆ. ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ಪದಾರ್ಥಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಮೂಳೆಗೂ ಸ್ನಾಯುವಿಗೂ ಕೆಟ್ಟವು. ವಿಟಮಿನ್ ಡಿಯೂ ಕೊಬ್ಬಿನಲ್ಲಿ ಅಡಗಿಬಿಡುತ್ತದೆ. ಹಾಗಾಗಿ ಬೊಜ್ಜು ಇರುವವರ ರಕ್ತದಲ್ಲಿ ಅದು ಕಡಿಮೆ ಕಾಣುವುದು ಸಾಮಾನ್ಯ.

ಬಿದ್ದಾಗ ಸೊಂಟದ ಸುತ್ತಲಿನ ಕೊಬ್ಬು ಮೆತ್ತೆಯಂತೆ ಕಾಪಾಡುವುದುಂಟು. ಆದರೆ ಪಾದದ ಗಂಟು, ತೋಳಿನ ಮೇಲ್ಭಾಗದಂಥ ಕಡೆ ಮುರಿತ ಬೊಜ್ಜಿನವರಲ್ಲಿ ಜಾಸ್ತಿ. ಮೈ ಭಾರ ಇದ್ದಷ್ಟೂ ಹೊಡೆತ ಭಾರ. ಜೊತೆಗೆ ಅವರು ಬೀಳುವುದೇ ಹೆಚ್ಚು.

ಅಮ್ಮನಿಗೆ ಔಷಧಿ ಶುರುವಾಗಿದೆಯಾ? ನಿಂತ ಎತ್ತರದಿಂದ ಬಿದ್ದು ಮುರಿದಿದೆ, ಜೊತೆಗೆ ಟಿ-ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿದೆ, ಟೊಳ್ಳು ಮೂಳೆ ಅನ್ನುವ ಗೆರೆ ಅದೇ. ಬರೀ ಕ್ಯಾಲ್ಸಿಯಂ ಮಾತ್ರೆ ಸಾಲದು. ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ.

ಅಮ್ಮನ ಮಗಳು:

ಇಲ್ಲ, ಕ್ಯಾಲ್ಸಿಯಂ ಮಾತ್ರ ಕೊಟ್ಟಿದ್ದಾರೆ. ಪಟ್ಟಿ ಹಾಕಿ ಕಳಿಸಿದರು. ಮೂಳೆ ಯಾಕೆ ಮುರಿಯಿತು ಅಂತ ಮಾತೇ ಬರಲಿಲ್ಲ. ಡೆಕ್ಸಾ ನಾವೇ ಕೇಳಿ ಮಾಡಿಸಿದ್ದು. ನೀವು ಬರೆದ ಮಜ್ಜೆಯ ವಿಷಯವನ್ನು ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ರಾತ್ರಿ ಪಾಳಿ:

ನರ್ಸ್ ಆಗಿ ಒಂದು ಮಾತು. ಮುರಿತದ ನಂತರ "ರೆಸ್ಟ್ ಮಾಡಿ" ಅನ್ನುತ್ತಾರೆ. ಕೈಗೆ ರೆಸ್ಟ್ ಬೇಕು, ಕಾಲಿಗಲ್ಲ. ಪ್ರೀತಿಯಿಂದಲೇ ಮನೆಯವರು ಎಲ್ಲವನ್ನೂ ಹಾಸಿಗೆಗೇ ತಂದುಕೊಡುತ್ತಾರೆ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಹತ್ತೇ ದಿನ. ಕಾಲುಗಳಿಂದ ಸುಮಾರು ಒಂದು ಕೆಜಿ ಸ್ನಾಯು ಹೋಗಿತ್ತು. ಮೊಣಕಾಲು ಚಾಚುವ ಬಲ ಶೇ. 15ಕ್ಕಿಂತ ಹೆಚ್ಚು ಕುಸಿದಿತ್ತು. ಕಾಯಿಲೆ ಇಲ್ಲದವರ ಗತಿ ಇದು.

ನಡೆದುಕೊಂಡು ವಾರ್ಡಿಗೆ ಬಂದವರು ಗಾಲಿಕುರ್ಚಿಯಲ್ಲಿ ಮನೆಗೆ ಹೋಗುವುದನ್ನು ನಾನು ನೋಡಿದ್ದೇನೆ. ಬಂದ ಕಾಯಿಲೆ ವಾಸಿಯಾಗಿರುತ್ತದೆ, ಕಾಲು ಹೋಗಿರುತ್ತದೆ. ನನ್ನ ಪಾಳಿಯಲ್ಲಿ ಆದಷ್ಟು ಎಲ್ಲರನ್ನೂ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುತ್ತೇನೆ. ನಿಮ್ಮವರು ದಾಖಲಾದರೆ ಮೊದಲ ದಿನವೇ ಕೇಳಿ: ಇವರು ಎದ್ದು ಓಡಾಡಬಹುದಾ, ಯಾವಾಗಿನಿಂದ?

ಅಪ್ಪ 88:

ನಾನು ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನನ್ನ ಅಪ್ಪನಿಗೆ 88. ಕೈಕಾಲು ಬತ್ತಿ ಹೋಗಿದೆ, ಹೊಟ್ಟೆ ಮಾತ್ರ ಮುಂದೆ. ವಾಕರ್ ಹಿಡಿದು ಕೋಣೆಯಿಂದ ಕೋಣೆಗೆ ಹೋಗುತ್ತಾರೆ. ಈ ವಯಸ್ಸಿನಲ್ಲಿ ವ್ಯಾಯಾಮ ಮಾಡಿಸುವುದು ಹಿಂಸೆ ಅಂತ ಅಣ್ಣ ಹೇಳುತ್ತಾನೆ. ತಡವಾಗಿಬಿಟ್ಟಿದೆಯಾ?

ಕುರ್ಚಿಯಿಂದ ಏಳಿ:

ತಡವಾಗಿಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ.

1990ರಲ್ಲಿ ಮರಿಯಾ ಫಿಯಾಟರೋನೆ ಮತ್ತು ಜೊತೆಗಾರರು ವೃದ್ಧಾಶ್ರಮದ ಹತ್ತು ಜನರನ್ನು ತಗೊಂಡರು. ಸರಾಸರಿ ವಯಸ್ಸು 90. ಎಂಟು ವಾರ, ತೊಡೆಗೆ ಭಾರ ಎತ್ತುವ ವ್ಯಾಯಾಮ. ಹಗುರದ್ದಲ್ಲ, ಅವರವರ ಶಕ್ತಿಗೆ ತಕ್ಕ ಹಾಗೆ ನಿಜಕ್ಕೂ ಭಾರವಾದದ್ದು. ಪೂರ್ತಿ ಮುಗಿಸಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. 1994ರಲ್ಲಿ ಅವರೇ ನೂರು ಜನರ ಮೇಲೆ ಮತ್ತೆ ಮಾಡಿದರು, ಸರಾಸರಿ ವಯಸ್ಸು 87. ಹತ್ತು ವಾರದಲ್ಲಿ ಬಲ ದುಪ್ಪಟ್ಟಿಗಿಂತ ಜಾಸ್ತಿ, ನಡಿಗೆಯ ವೇಗವೂ ಹೆಚ್ಚಿತು. ವ್ಯಾಯಾಮ ಇಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಕುಡಿದವರಿಗೆ ಈ ಲಾಭ ಸಿಗಲಿಲ್ಲ.

ತೊಂಬತ್ತರ ಸ್ನಾಯುವೂ ಕೆಲಸ ಕೊಟ್ಟರೆ ಕೇಳುತ್ತದೆ. ನಾವು ಕೊಡುವುದಿಲ್ಲ, ಅಷ್ಟೇ. ಅಣ್ಣನಿಗೆ ಇದನ್ನು ಹೇಳಿ. ಮೊದಲು ಅಪ್ಪನ ಹೃದಯ, ರಕ್ತದೊತ್ತಡ ನೋಡಿಸಿ. ಬೆನ್ನುಮೂಳೆಯಲ್ಲಿ ಹಳೆಯ ಮುರಿತ ಇದೆಯಾ ಅಂತಲೂ ನೋಡಿಸಿ. ಎತ್ತರ ನಾಲ್ಕು ಸೆಂಟಿಮೀಟರ್ ಅಥವಾ ಹೆಚ್ಚು ಕಡಿಮೆಯಾಗಿದ್ದರೆ ಅನುಮಾನಿಸಬೇಕು, ಎಷ್ಟೋ ಬೆನ್ನುಮೂಳೆ ಮುರಿತ ಯಾರಿಗೂ ಗೊತ್ತಾಗುವುದೇ ಇಲ್ಲ. ಅಂಥವರು ಸೊಂಟ ಬಗ್ಗಿಸಿ ತಿರುಚುವ ವ್ಯಾಯಾಮ ಮಾಡಬಾರದು. ಆಮೇಲೆ ಎತ್ತರದ ಕುರ್ಚಿಯಿಂದ ಏಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇಷ್ಟರಿಂದ ಶುರು ಮಾಡಿ. ಸುಲಭವಾದ ತಕ್ಷಣ ಸ್ವಲ್ಪ ಕಷ್ಟ ಮಾಡಿ. ಎಲ್ಲರೂ ತಪ್ಪುವುದು ಇಲ್ಲೇ. ಒಂದೇ ವ್ಯಾಯಾಮವನ್ನು ಒಂದೇ ತೂಕದಲ್ಲಿ ವರ್ಷಗಟ್ಟಲೆ ಮಾಡುತ್ತಾರೆ, ಸ್ನಾಯುವಿಗೆ ಅದು ರೂಢಿಯಾಗಿ ಬೆಳೆಯುವುದು ನಿಲ್ಲುತ್ತದೆ.

ಹಳೆ ಚೀಟಿ:

ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ಉಸಿರಾಟದ ತೊಂದರೆಗೆ ನಾನು ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ತಗೊಂಡೆ. ಹೊಟ್ಟೆ ಬಂತು, ತೊಡೆ ಸೊರಗಿತು, ಮೂಳೆ ಟೊಳ್ಳಾಯಿತು. ಮೂರನ್ನೂ ಒಂದೇ ಮಾತ್ರೆ ಮಾಡಬಲ್ಲದು ಅಂತ ಯಾರೂ ಮುಂಚೆ ಹೇಳಲಿಲ್ಲ. ತಾವಾಗಿಯೇ ಯಾರೂ ನಿಲ್ಲಿಸಬೇಡಿ, ಅದು ಅಪಾಯ. ಆದರೆ ಕೇಳಿ. ನಿದ್ದೆ ಮಾತ್ರೆ ತಗೊಳ್ಳುವವರೂ ಕೇಳಿ. ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವುದಕ್ಕೂ ಅದಕ್ಕೂ ನಂಟಿದೆ.

ನಿಧಾನ ವೈದ್ಯೆ:

ಹಳೆ ಚೀಟಿಯವರ ಮಾತು ನೂರಕ್ಕೆ ನೂರು. ಇನ್ನು ಮೂರು ವಿಷಯ ಸೇರಿಸುತ್ತೇನೆ. ಟೊಳ್ಳು ಮೂಳೆಗೆ ಕೊಡುವ ಅಲೆಂಡ್ರೋನೇಟ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ, ಔಷಧಿಯೂ ಸರಿಯಾಗಿ ಸೇರುವುದಿಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಕೊಡುವ ಡೆನೋಸುಮ್ಯಾಬ್ ಚುಚ್ಚುಮದ್ದನ್ನು ಶುರು ಮಾಡಿದರೆ ಸುಮ್ನೆ ಬಿಟ್ಟುಬಿಡಬಾರದು. ನಿಲ್ಲಿಸಿದ ಮೇಲೆ ಮೂಳೆ ಬೇಗ ಬೇಗ ಕರಗಿ, ಬೆನ್ನುಮೂಳೆಗಳು ಒಂದಾದ ಮೇಲೊಂದು ಮುರಿಯುವುದುಂಟು. ಬೇರೆ ಔಷಧಿಗೆ ಬದಲಾಯಿಸಿಯೇ ನಿಲ್ಲಿಸಬೇಕು.

ಮೂರನೆಯದು ವಿಟಮಿನ್ ಡಿ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಅಂತ ತುಂಬ ಜನ ನಂಬಿದ್ದಾರೆ. 2010ರ ಒಂದು ಅಧ್ಯಯನದಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟರು. ಬೀಳುವುದೂ ಮುರಿಯುವುದೂ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕೊರತೆ ಇದ್ದರೆ ತುಂಬಿಸಿ, ಆದರೆ ಅಳತೆ ಮೀರಿ ಸುರಿಯಬೇಡಿ.

ಎರಡು ಮೊಣಕಾಲು:

ಪ್ರೋಟೀನ್ ಎಷ್ಟು ಬೇಕು ಅಂತ ಯಾರೂ ಹೇಳಲಿಲ್ಲ.

ನಿಧಾನ ವೈದ್ಯೆ:

ಸಾಮಾನ್ಯ ವಯಸ್ಕರಿಗೆ ಹೇಳುವುದು ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.8 ಗ್ರಾಂ. 65 ದಾಟಿದವರಿಗೆ 1.0ರಿಂದ 1.2 ಗ್ರಾಂ ಬೇಕು ಅಂತ 2013ರಲ್ಲಿ ತಜ್ಞರ ಗುಂಪೊಂದು ಹೇಳಿತು. ಕಾಯಿಲೆಯಿಂದ ಸೊರಗಿದವರಿಗೆ ಇನ್ನೂ ಸ್ವಲ್ಪ ಹೆಚ್ಚು. ವಯಸ್ಸಾದ ಸ್ನಾಯು ಪ್ರೋಟೀನಿಗೆ ಮಂದವಾಗಿ ಸ್ಪಂದಿಸುತ್ತದೆ, ಅದಕ್ಕೆ. ಒಂದೇ ಹೊತ್ತಿಗೆ ತಿನ್ನುವ ಬದಲು ಮೂರು ಹೊತ್ತಿಗೂ ಹಂಚುವುದು ಒಳ್ಳೆಯದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಅದನ್ನು ಅಳತೆಗೋಲು ಮಾಡಿಕೊಂಡರೆ ಲೆಕ್ಕ ಸಿಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ತೂಕ ಇಳಿಸುವ ಹೊಸ ಚುಚ್ಚುಮದ್ದು ತಗೊಳ್ಳುವ ಹಿರಿಯರಿಗೂ ಇದೇ ಮಾತು ಇನ್ನೂ ಗಟ್ಟಿಯಾಗಿ. ಹಸಿವೇ ಇಲ್ಲದಾಗ ಮೊದಲು ಕಡಿಮೆಯಾಗುವುದು ಪ್ರೋಟೀನ್. ಇಳಿಯುವ ತೂಕದಲ್ಲಿ ಸ್ನಾಯುವೂ ಇರುತ್ತದೆ.

ಅಮ್ಮನ ಮಗಳು:

ನಿಮ್ಮೆಲ್ಲರ ಮಾತು ಬರೆದಿಟ್ಟುಕೊಂಡಿದ್ದೇನೆ. ಅಮ್ಮನ ಲೆಕ್ಕ ಹಾಕಿದೆ. ಆ ಆರು ತಿಂಗಳು ದಿನಕ್ಕೆ 25 ಗ್ರಾಂ ಕೂಡ ಹೋಗಿರಲಿಕ್ಕಿಲ್ಲ.

ಈಗ ದೊಡ್ಡ ಕಷ್ಟ ಬೇರೆಯೇ ಇದೆ. ಅಮ್ಮನಿಗೆ ಭಯ. ಬಿದ್ದ ಮೇಲೆ ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡುವುದಿಲ್ಲ. ನಾನು ಕೈ ಹಿಡಿದರೂ ಮೈ ಬಿಗಿ ಹಿಡಿಯುತ್ತಾರೆ. ರಾತ್ರಿ ಬಚ್ಚಲಿಗೆ ಹೋಗಬೇಕಾಗುತ್ತೆ ಅಂತ ಸಂಜೆಯಿಂದ ನೀರೇ ಕುಡಿಯುವುದಿಲ್ಲ. ಮೂಳೆ, ಸ್ನಾಯುವಿಗೆ ಔಷಧಿ ಇದೆ, ಇದಕ್ಕೇನು ಮಾಡಲಿ?

ಕುರ್ಚಿಯಿಂದ ಏಳಿ:

ಈ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ.

65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಬಿದ್ದವರ ಭಯ ಸುಳ್ಳಲ್ಲ, ಅದಕ್ಕೆ "ಏನೂ ಆಗಲ್ಲ ಬಾಮ್ಮ" ಅನ್ನಬೇಡಿ. ಆಗಿದೆ, ಅವರಿಗೆ ಗೊತ್ತು. ಆದರೆ ಆ ಭಯ ಓಡಾಟ ಕಡಿಮೆ ಮಾಡಿಸುತ್ತದೆ. ಓಡಾಟ ಕಡಿಮೆಯಾದರೆ ಸ್ನಾಯು ಕರಗುತ್ತದೆ, ಕೊಬ್ಬು ಕೂಡುತ್ತದೆ, ಮೂಳೆಗೆ ಕೆಲಸ ಇರುವುದಿಲ್ಲ. ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಈ ಮೂರೂ ಕಾಯಿಲೆ ಸುತ್ತುವ ಅಚ್ಚು ಈ ಭಯವೇ ಅಂತ ಕೆಲವೊಮ್ಮೆ ನನಗನ್ನಿಸುತ್ತದೆ.

ನಾನು ಮಾಡುವುದು ಹೀಗೆ. ಮೊದಲು ಬೀಳದ ಹಾಗೆ ಜಾಗ ಸರಿ ಮಾಡುತ್ತೇನೆ. ಹಾಸಿಗೆಯಿಂದ ಬಚ್ಚಲಿನ ತನಕ ರಾತ್ರಿ ದೀಪ, ಒದ್ದೆ ಆಗದ ನೆಲ, ಹಿಡಿಯಲು ಗಟ್ಟಿ ಕಂಬಿ, ಜಾರದ ಚಪ್ಪಲಿ. ಟವೆಲ್ ಸಿಕ್ಕಿಸುವ ಕಂಬಿ ಮೈ ಭಾರ ತಡೆಯುವುದಿಲ್ಲ, ಅದನ್ನು ನಂಬಬಾರದು. ಕಣ್ಣಿನ ಪರೀಕ್ಷೆ. ಆಮೇಲೆ ಮೂಲೆಯಲ್ಲಿ ನಿಲ್ಲಿಸುತ್ತೇನೆ. ಎರಡು ಗೋಡೆ ಕೂಡುವ ಮೂಲೆಗೆ ಬೆನ್ನು, ಮುಂದೆ ಕುರ್ಚಿಯ ಬೆನ್ನು. ಬಿದ್ದರೂ ಬೀಳಲು ಜಾಗವೇ ಇಲ್ಲ. ಅಲ್ಲಿ ಕೈ ಬಿಟ್ಟು ಐದು ಸೆಕೆಂಡು. ಮರುದಿನ ಎಂಟು. ಆಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದ. ದಿನಗಳು ಕಳೆದಂತೆ ಒಂಟಿ ಕಾಲು. ತಿರುಗುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಿ, ಅಮ್ಮ ಬಿದ್ದದ್ದು ತಿರುಗುವಾಗ. ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯಬಾರದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಅರ್ಧ ಸುತ್ತು ತಿರುಗಬೇಕು.

ಇನ್ನೊಂದು, ಕೈ ವಾಸಿಯಾದ ಮೇಲೆ ನೆಲದಿಂದ ಏಳುವುದನ್ನು ಕಲಿಸಿ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಕುರ್ಚಿ ಹಿಡಿದು, ಗಟ್ಟಿ ಕಾಲನ್ನು ಮುಂದಿಟ್ಟು ಏಳುವುದು. ಮೊಣಕಾಲು ನೋವಿಗೆ ಕೆಳಗೆ ದಪ್ಪ ಮೆತ್ತೆ ಹಾಕಿ. ಬಿದ್ದರೆ ಏಳಬಲ್ಲೆ ಅಂತ ಗೊತ್ತಾದ ದಿನ ಭಯ ಅರ್ಧ ಇಳಿಯುತ್ತದೆ. ಇದನ್ನು ನಾನು ಎಷ್ಟೋ ಮುಖಗಳಲ್ಲಿ ನೋಡಿದ್ದೇನೆ.

ನ್ಯೂಜಿಲೆಂಡಿನ ಒಟಾಗೋ ವ್ಯಾಯಾಮ ಕ್ರಮ ಅಂತ ಒಂದಿದೆ. ಮನೆಯಲ್ಲೇ ಮಾಡುವ ಬಲದ, ಸಮತೋಲನದ ವ್ಯಾಯಾಮಗಳು. ಬೀಳುವುದನ್ನು ಮೂರನೇ ಒಂದರಷ್ಟು ತಗ್ಗಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯೂ 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಬಲದ ವ್ಯಾಯಾಮ ಬೇಕು ಅನ್ನುತ್ತದೆ. ನಡಿಗೆ ಅದರ ಜೊತೆಗೆ, ಅದರ ಬದಲಿಗಲ್ಲ.

ಅಪ್ಪ 88:

ಮೂಲೆಯ ಉಪಾಯವನ್ನು ಇವತ್ತೇ ಮಾಡಿಸಿದೆ. ಅಪ್ಪ ಆರು ಸೆಕೆಂಡು ಕೈ ಬಿಟ್ಟು ನಿಂತರು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಏನೂ ಮಾತಾಡಲಿಲ್ಲ. ಆಮೇಲೆ ತಾನೇ ಹೋಗಿ ಕುರ್ಚಿಯ ಕಾಲುಗಳಿಗೆ ರಬ್ಬರ್ ಹಾಕಿದ.

ಮೇಷ್ಟ್ರು 68:

ಏಳು ವಾರ ಆಯಿತು. ವಾರಕ್ಕೆ ಮೂರು ದಿನ ಕುರ್ಚಿ ವ್ಯಾಯಾಮ, ಬೆನ್ನಿಗೆ ಪುಸ್ತಕ ತುಂಬಿದ ಚೀಲ. ನಡಿಗೆಯನ್ನು ಮೂರು ಕಿಲೋಮೀಟರಿಗೆ ಇಳಿಸಿ, ಅದರಲ್ಲಿ ಏರು ದಾರಿ ಸೇರಿಸಿದ್ದೇನೆ. ಐದು ಸಲಕ್ಕೆ 11 ಸೆಕೆಂಡು. ತೂಕ ಅರ್ಧ ಕೆಜಿಯೂ ಇಳಿದಿಲ್ಲ. ಆದರೆ ಬಸ್ಸಿನ ಮೆಟ್ಟಿಲಿಗೆ ಕಂಬಿ ಎಳೆದುಕೊಳ್ಳುವುದು ನಿಂತಿದೆ.

ಅಮ್ಮನ ಮಗಳು:

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ.

ಬೇರೆ ವೈದ್ಯರನ್ನು ನೋಡಿದೆವು. ಮೂಳೆಗೆ ವಾರಕ್ಕೊಂದು ಮಾತ್ರೆ ಶುರುವಾಗಿದೆ. ಮೂತ್ರಪಿಂಡ ಸರಿಯಿದೆ ಅಂತ ನೋಡಿಕೊಂಡು ಪ್ರೋಟೀನ್ 70 ಗ್ರಾಂ ತನಕ ತಂದಿದ್ದೇವೆ. ಫಿಸಿಯೋ ವಾರಕ್ಕೆ ಎರಡು ದಿನ, ಮನೆಯಲ್ಲಿ ಇನ್ನೆರಡು ದಿನ. ಮೊದಲ ಮೂರು ವಾರ ಅಮ್ಮ ನನ್ನ ಮೇಲೆ ಸಿಟ್ಟಾಗಿದ್ದರು. ಐದನೇ ವಾರ ಕೈ ಊರದೆ ಒಂದು ಸಲ ಎದ್ದರು. ಎದ್ದು ಅಲ್ಲೇ ನಿಂತು ನನ್ನ ಕಡೆ ನೋಡಿದರು. ಈಗ ಐದು ಸಲಕ್ಕೆ 17 ಸೆಕೆಂಡು. ಇನ್ನೂ ದಾರಿ ಇದೆ.

ತೂಕ 71. ಒಂದು ಕೆಜಿ ಹೆಚ್ಚಾಗಿದೆ, ಹೊಟ್ಟೆಯ ಸುತ್ತಳತೆ 3 ಸೆಂಟಿಮೀಟರ್ ಕಡಿಮೆಯಾಗಿದೆ. ಮೊನ್ನೆ ಬಂದ ನೆಂಟರು "ಮತ್ತೆ ದಪ್ಪ ಆಗ್ತಿದ್ದೀರಲ್ಲ" ಅಂದರು. ಅಮ್ಮ ಉತ್ತರ ಕೊಡಲಿಲ್ಲ. ಕುರ್ಚಿಯಿಂದ ಎದ್ದು ಅವರಿಗೆ ನೀರು ತಂದುಕೊಟ್ಟರು, ಎರಡೂ ಕೈಯಲ್ಲಿ ಲೋಟ ಹಿಡಿದು.

ಮೊಣಕಾಲು ನೋವು ಪೂರ್ತಿ ಹೋಗಿಲ್ಲ. ಇನ್ನು ಸ್ವಲ್ಪ ತೂಕ ಇಳಿಸಬೇಕು, ಈ ಸಲ ನಿಧಾನವಾಗಿ. ಕುರ್ಚಿಯಿಂದ ಏಳಿ ಅವರೇ, ನಾಳೆಯಿಂದ ಮೆಟ್ಟಿಲು ಶುರು ಮಾಡೋಣ ಅಂತ ನಮ್ಮ ಫಿಸಿಯೋ ಅಂದಿದ್ದಾರೆ. ಇಳಿಯುವಾಗ ಯಾವ ಕಾಲು ಮೊದಲು ಇಡಿಸಲಿ?

ಕುರ್ಚಿಯಿಂದ ಏಳಿ:

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕಂಬಿ ಹಿಡಿದಿರಲಿ. ಹತ್ತುವಾಗ ನೀವು ಒಂದು ಮೆಟ್ಟಿಲು ಹಿಂದೆ ಇರಿ, ಇಳಿಯುವಾಗ ಒಂದು ಮೆಟ್ಟಿಲು ಮುಂದೆ ಇರಿ. ಮೊದಲ ದಿನ ಮೂರು ಮೆಟ್ಟಿಲು ಸಾಕು.